ಬಾಯಿ ಬಂದ ಚಾಕು

೫ ಫೆಬ್ರವರಿ ೧೯೭೯, ಸೋಮವಾರ

ಮಂಡಿಯವರು ಕೊಡುತ್ತೇವೆಂದು ಒಪ್ಪಿದ್ದು: ಕುಡಿಯುವ ನೀರಿಗೆ ಒಳಗಡೆಯೇ ಒಂದು ಕೊಡ, ಕೈಯಾರೆ ಮುಟ್ಟಿ ಕುಡಿಯಲು ಲೋಟ. ಮಚ್ಚು ತಗುಲಿದರೆ ಆಸ್ಪತ್ರೆಯ ಖರ್ಚು. ಹಾಜರಿ ಪುಸ್ತಕದಲ್ಲಿ ಪೂರ್ತಿ ಹೆಸರು. ಮಾತಾಡಿಸುವಾಗ ‘ಬನ್ನಿ, ಹೋಗಿ’.

ಕೊಡದೇ ಇದ್ದದ್ದು: ಮೇಲಿನ ಎಲ್ಲವೂ.

ಕೇಳದೆ ಕೊಟ್ಟದ್ದು: ಮೂವರಿಗೆ ಗೇಟಿನಾಚೆಯ ದಾರಿ. ಹುಚ್ಚಕ್ಕ, ಸಿದ್ದಮ್ಮ, ನನ್ನ ಅವ್ವ ಬೋರಮ್ಮ.

ಇದು ಯಾರಿಗೂ ತೋರಿಸುವ ಬರಹವಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೂತು ದಿನವಿಡೀ ಪರರ ಅರ್ಜಿ ಬರೆಯುವವನು ನಾನು. ‘ತಮ್ಮ ವಿಧೇಯ’ ಎಂದು ಬರೆದು ಬರೆದು ಕೈ ಜಿಡ್ಡಾಗಿದೆ. ಇಲ್ಲಿ ನಾನು ಯಾರಿಗೂ ವಿಧೇಯನಲ್ಲ.

ಶಂಭುಲಿಂಗಯ್ಯನ ಕೊಬ್ಬರಿ ಮಂಡಿಯಲ್ಲಿ ಹತ್ತೊಂಬತ್ತು ಹೆಂಗಸರು ತೆಂಗಿನಕಾಯಿಯ ಕರಟ ಒಡೆಯುತ್ತಾರೆ. ಎಲ್ಲರೂ ನಮ್ಮ ಕಾಲೋನಿಯವರೇ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು, ಮೂರೇ ಏಟು. ಕರಟ ಒಂದು ಕಡೆ, ಉಂಡೆ ಕೊಬ್ಬರಿ ಒಂದು ಕಡೆ. ಅವರು ಮುಟ್ಟಿ ಬಿಡಿಸಿದ ಕೊಬ್ಬರಿ ಡೆಲ್ಲಿಯ ದೇವಸ್ಥಾನದ ತನಕ ಹೋಗುತ್ತದೆ. ಅವರು ಮುಟ್ಟಿದ ಲೋಟ ಮಾತ್ರ ಗೋಡೆ ದಾಟಬಾರದು. ಹಾಜರಿ ಪುಸ್ತಕದಲ್ಲಿ ಹುಚ್ಚಕ್ಕನ ಹೆಸರು ‘ಹುಚ್ಚಿ’. ಸಿದ್ದಮ್ಮ ‘ಸಿದ್ದಿ’. ಇಪ್ಪತ್ತೆರಡು ವರ್ಷ ದುಡಿದ ನನ್ನ ಅವ್ವ ‘ಬೋರಿ’. ಪುಸ್ತಕದ ರಟ್ಟಿನ ಮೇಲೆ ಮಾಲೀಕನ ಹೆಸರಿಗೆ ಹಿಂದೆ ‘ಶ್ರೀ’, ಮುಂದೆ ‘ನವರು’.

ಇವತ್ತಿನ ಮಾತುಕತೆಯಲ್ಲಿ ಅವನು ಗಾದಿಯ ಮೇಲೆ, ನಾವು ನೆಲದ ಮೇಲೆ.

“ಏನ್ಲಾ ಸಣ್ಣತಿಮ್ಮ, ಇವ್ರ ಸಂಘಕ್ಕೆ ಸೆಕ್ರೆಟ್ರಿ ಆಗಿದ್ದೀಯಂತೆ. ಈ ಮೂರು ಹೆಂಗಸ್ರ ಮಚ್ಚಿನ ಏಟಿಗೆ ನನ್ನ ಉಂಡೆ ಎಲ್ಲಾ ಹೋಳಾಗ್ತಾ ಐತಲ್ಲೋ. ಅದಕ್ಕೇ ಮನೆಗೆ ಕಳ್ಸಿದೆ.”

ನನ್ನ ಹೆಸರು ಸಣ್ಣತಿಮ್ಮಯ್ಯ. ನಾನು ಬಾಯಿ ತೆರೆಯುವ ಮೊದಲೇ ಹುಚ್ಚಕ್ಕ ಎದ್ದು ನಿಂತರು.

“ಕಾಯಿ ಅಟ್ಟದ ಮ್ಯಾಲೆ ಹನ್ನೊಂದು ತಿಂಗ್ಳು ಒಣಗ್ಬೇಕು ಕಣ್ರೀ. ಅಲ್ಲಾಡ್ಸಿದ್ರೆ ಒಳಗೆ ಲೊಟಲೊಟ ಅನ್ಬೇಕು. ನೀವು ರೇಟು ಬಂತು ಅಂತ ಎಂಟಕ್ಕೇ ಇಳಿಸ್ತೀರ. ಹಸಿ ಕೊಬ್ಬರಿ ಕರಟಕ್ಕೆ ಕಚ್ಕೊಂಡಿರ್ತದೆ, ಒಡೆದ್ರೆ ಹೋಳಾಗ್ದೆ ಹೂವಾಗ್ತದಾ? ಏಟು ನಮ್ದಲ್ಲ, ಆತ್ರ ನಿಮ್ದು.”

“ಸಾಬೀತು ಮಾಡ್ರಿ. ಮಾರ್ಚ್ ಐದಕ್ಕೆ ಬನ್ರಿ. ಆಗ್ದಿದ್ರೆ ಬಾಯಿ ಮುಚ್ಕೊಂಡು ಇರ್ರಿ.”

ಸಾಬೀತು ಮಾಡುತ್ತೇವೆ. ಉಳಿದ ಹದಿನಾರು ಜನವೂ ಮಚ್ಚು ಕೆಳಗಿಟ್ಟು ಎದ್ದುಬಂದಿದ್ದಾರೆ. ಹೋಳಾದ ಏಳು ಉಂಡೆ ಹುಚ್ಚಕ್ಕನ ಮನೆಯಲ್ಲಿವೆ. ಒಳಗಿನ ಹಸಿ ತೋರಿಸಬೇಕಾದರೆ ಕಾಗದದಷ್ಟು ತೆಳ್ಳಗೆ ಕೊಯ್ಯಬೇಕು. ಮಚ್ಚು ಪುಡಿ ಮಾಡುತ್ತದೆ, ಈಳಿಗೆ ಜಾರುತ್ತದೆ. ಒಳ್ಳೆಯ ಚಾಕು ಬೇಕು.

೧೦ ಫೆಬ್ರವರಿ, ಶನಿವಾರ

ಸಂತೆಯಲ್ಲಿ ಗುಜರಿ ಸಾಬರು ಗೋಣಿತಾಟು ಹಾಸಿದ್ದರು. ಬೀಗ, ಸೌಟು, ಲಾಟೀನಿನ ತಲೆ, ಅದರ ನಡುವೆ ಒಂದು ಮಡಿಚುವ ಚಾಕು. ಅಂಗೈಯಗಲ, ಕೊಂಬಿನ ಹಿಡಿ. ತುಕ್ಕು ಎಷ್ಟೆಂದರೆ ಅಲಗು ಯಾವುದು ಹಿಡಿ ಯಾವುದು ತಿಳಿಯುವಂತಿರಲಿಲ್ಲ.

“ಇದು ತೆಗೆಯೋಕ್ಕೇ ಬರಲ್ವಲ್ಲ ಸಾಬ್ರೇ.”

“ಬಾಯಿ ಮುಚ್ಕೊಂಡೈತೆ ಅಂತ ಮೂಗ ಅಂತೀರಾ? ವಿಲಾಯಿತಿ ಮಾಲು ಸಾಮಿ. ಸ್ವಲ್ಪ ಎಣ್ಣೆ ತೋರ್ಸಿ, ಸ್ವಲ್ಪ ಕಲ್ಲು ತೋರ್ಸಿ, ನಿಮಗಿಂತ ಜಾಸ್ತಿ ಮಾತಾಡ್ತದೆ.”

“ಯಾರ ಮನೇದು?”

“ಗುಜರಿಗೆ ಮನೆ ಯಾವ್ದು ಸಾಮಿ? ಒಂದು ಮೂಟೆ ಕಬ್ಬಿಣದ ಒಳಗೆ ಬಂತು. ಹೊನ್ನವಳ್ಳಿ ಕಡೇದೋ, ನೊಣವಿನಕೆರೆ ಕಡೇದೋ.”

ಮೂರು ರೂಪಾಯಿ. ಹಿಡಿಯ ಮೇಲೆ ಒಂದು ಗುಳಿ ಇದೆ. ಯಾರೋ ಎಷ್ಟೋ ವರ್ಷ ಹೆಬ್ಬೆರಳು ಒತ್ತಿ ಒತ್ತಿ ಕೊಂಬನ್ನೇ ಸವೆಸಿದ್ದಾರೆ. ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಗುಳಿ ದೊಡ್ಡದು. ನನ್ನದಕ್ಕಿಂತ ದಪ್ಪ ಬೆರಳಿನ ಮನುಷ್ಯ.

೧೧ ಫೆಬ್ರವರಿ, ಭಾನುವಾರ

ರಾತ್ರಿಯೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ಅಲಗಿನ ಗೀರಿಗೆ ನಾಲ್ಕಾಣೆ ನಾಣ್ಯ ಕೊಟ್ಟು ಮೀಟಿದೆ. ಬರಲಿಲ್ಲ. ಮತ್ತೆ ಎಣ್ಣೆ, ಮತ್ತೆ ಮೀಟು. ಮಧ್ಯಾಹ್ನ ಒಂದೇ ಸಲಕ್ಕೆ ‘ಟಕ್’ ಎಂದು ತೆರೆದುಕೊಂಡಿತು. ಎದುರಿಗೆ ಮಲಗಿದ್ದ ಬೀದಿನಾಯಿ ಎದ್ದು ಹೋಯಿತು.

ಹಿಡಿಯ ಒಳಗಿನ ಸಂದಿನಲ್ಲಿ ಕಪ್ಪು ಜಿಗುಟು ತುಂಬಿತ್ತು. ಪಿನ್ನಿನಿಂದ ಕೆರೆದು ಮೂಸಿದೆ. ಕೊಬ್ಬರಿ. ಎಷ್ಟು ವರ್ಷದ್ದೋ, ಕಮಟು ಹಿಡಿದ ಕೊಬ್ಬರಿ. ಇದೂ ಮಂಡಿಗಳಲ್ಲಿ ಓಡಾಡಿದ ಚಾಕು. ಇರಲಿ. ನಮ್ಮ ವಿರುದ್ಧ ದುಡಿದದ್ದು ಇನ್ನು ನಮ್ಮ ಪರ ದುಡಿಯಲಿ.

೧೪ ಫೆಬ್ರವರಿ, ಬುಧವಾರ

ಇಟ್ಟಿಗೆ ಪುಡಿ, ಹುಣಸೆಹಣ್ಣು, ಬಟ್ಟೆ. ಮೂರು ದಿನದ ಉಜ್ಜಾಟ. ಉಗುರೆಲ್ಲ ಕೆಂಪು. ತುಕ್ಕಿನ ಕೆಳಗೆ ಒಳ್ಳೆಯ ಉಕ್ಕು ಮಲಗಿದೆ. ಒಂದು ಮೂಲೆಯಲ್ಲಿ ಇಂಗ್ಲಿಷ್ ಅಕ್ಷರ, ಓದಲಾಗದಷ್ಟು ಸವೆದಿದೆ.

ಹಿಡಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದೇನೆ. ವಿಚಿತ್ರವಾಗಿ ಕುಡಿಯುತ್ತದೆ. ಸಂಜೆ ಹಚ್ಚಿದ್ದು ಬೆಳಿಗ್ಗೆಗೆ ಇಲ್ಲ.

“ನಿನ್ ತಲೆಗೆ ಇಲ್ದಿದ್ ಎಣ್ಣೆ ಅದಕ್ಕೆ ಹುಯ್ತಾ ಇದ್ದೀಯಲ್ಲೋ,” ಎಂದಳು ಅವ್ವ. “ಲಗ್ನ ಮಾಡ್ಕೋ ಅದ್ನೇ.”

ನಕ್ಕೆವು. ಅವ್ವನ ಕೆಲಸ ಹೋಗಿ ಹತ್ತು ದಿನಕ್ಕೆ ಮೇಲಾಯಿತು, ಮನೆಯಲ್ಲಿ ಮೊದಲ ನಗು.

೧೭ ಫೆಬ್ರವರಿ, ಶನಿವಾರ

ಕ್ಷೌರದ ಆಂಜನಪ್ಪನ ಸಾಣೆಕಲ್ಲು ತಂದೆ. ಅವನ ಅಂಗಡಿಯಲ್ಲಿ ನಮಗೆ ಕುರ್ಚಿ ಇಲ್ಲ, ಹಿಂಬಾಗಿಲಲ್ಲಿ ಕಲ್ಲು ಸಿಗುತ್ತದೆ. ಅವನ ತಪ್ಪಲ್ಲ, ಅವನ ಗಿರಾಕಿಗಳ ತಪ್ಪು ಎಂದು ಅವನು ಹೇಳುತ್ತಾನೆ. ಗಿರಾಕಿಗಳು ಊರಿನ ತಪ್ಪು ಎನ್ನುತ್ತಾರೆ. ಊರು ಯಾರ ಕೈಗೂ ಸಿಗುವುದಿಲ್ಲ.

ಆದರೆ ಕೆಲಸ ಚೆನ್ನಾಗಿ ಹೇಳಿಕೊಟ್ಟ. “ಅಲಗಿನ ಬೆನ್ನಿಗೂ ಕಲ್ಲಿಗೂ ನಡುವೆ ಎರಡು ಬೆಂಕಿಕಡ್ಡಿ ತೂರೋಷ್ಟು ಸಂದಿರ್ಲಿ. ಒತ್ತಬ್ಯಾಡಿ. ಅದರ ಭಾರ ಅದೇ ಇಡ್ಲಿ. ಒಂದು ಕಡೆ ಸಿಬಿರು ಎದ್ದ ಮ್ಯಾಲೆ ಮಗ್ಗುಲು ಬದಲಾಯ್ಸಿ. ಕೊನೆಗೆ ಚರ್ಮದ ಮ್ಯಾಲೆ ಹಿಂದ್ ಹಿಂದಕ್ಕೆ ಎಳೀರಿ. ಉಗುರಿನ ಮ್ಯಾಲೆ ಇಟ್ರೆ ಜಾರ್ದೆ ಕೂತ್ರೆ ಬಾಯಿ ಬಂತು ಅಂತ.”

ಮನೆಯ ಮುಂದೆ ಕೂತು ಹಿಡಿದೆ. ಶ್... ಶ್... ಎರಡು ಗಂಟೆಯ ಹೊತ್ತು. ಬೇರೆ ಯಾವ ಶಬ್ದವೂ ಕಿವಿಗೆ ಬೀಳುತ್ತಿರಲಿಲ್ಲ. ಕೊನೆಗೆ ಉಗುರಿನ ಮೇಲೆ ಇಟ್ಟೆ. ಕೂತಿತು. ಬಾಯಿ ಬಂತು.

ಆಗಲೇ ಅವ್ವ ಒಳಗಿಂದ ಓಡಿಬಂದಳು. ಸೆರಗು ತಲೆಯ ಮೇಲೆ.

“ಯಾರ್ ಬಂದವ್ರೆ?”

“ಯಾರೂ ಇಲ್ಲ.”

“ಗಂಟಲು ಸರಿ ಮಾಡ್ಕೊಂಡ್ರಲ್ಲ ಈಗ. ಹ್ಞುಂ ಅಂತ.”

ನಾನೇ ಇರಬೇಕು. ಸಾಣೆಯ ಧೂಳು. ಅವ್ವ ರಸ್ತೆಯ ಎರಡೂ ಕಡೆ ನೋಡಿ ಒಳಗೆ ಹೋದಳು. ತಲೆಯ ಮೇಲಿನ ಸೆರಗು ಮಾತ್ರ ತೆಗೆಯಲಿಲ್ಲ.

೧೮ ಫೆಬ್ರವರಿ, ಭಾನುವಾರ

ಏಳರಲ್ಲಿ ಒಂದು ಉಂಡೆಯನ್ನು ಪರೀಕ್ಷೆಗೆ ಕೊಯ್ದೆ. ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಹೊರಗೆ ಒಣಗಿ ಕಂದು, ಒಳಗೆ ಹಸಿ ಬಿಳುಪು, ನಡುವೆ ಬೂಷ್ಟಿನ ಹಸಿರು ಗೆರೆ. ಮಚ್ಚಿನ ಏಟಿನ ಗುರುತು ಎಲ್ಲಿಯೂ ಇಲ್ಲ. ಹುಚ್ಚಕ್ಕ ಹೇಳಿದ್ದು ಅಕ್ಷರಶಃ ನಿಜ.

ಒಂದು ಚೂರು ಬಾಯಿಗೆ ಹಾಕಿಕೊಂಡೆ. ಇನ್ನೊಂದನ್ನು ಚಾಕುವಿನ ತುದಿಯಲ್ಲೇ ಅವ್ವನಿಗೆ ಕೊಟ್ಟೆ. ಕೈ ಚಾಚಿ ತೆಗೆದುಕೊಳ್ಳುವುದು ಬಿಟ್ಟು ಅವಳು ಸೆರಗು ಒಡ್ಡಿದಳು. ನಾನು ಚಾಕು ಒದರಿದೆ, ಚೂರು ಸೆರಗಿಗೆ ಬಿತ್ತು. ಅವಳು ನನ್ನ ಮುಖ ನೋಡಿದಳು. ನಾನೂ ನೋಡಿದೆ. ಅವಳು ಅದನ್ನು ತಿನ್ನಲಿಲ್ಲ. ಎದ್ದು ಹೋಗಿ ಕೋಳಿಗೆ ಹಾಕಿದಳು.

ಅವ್ವನಿಗೆ ವಯಸ್ಸಾಯಿತು.

೨೦ ಫೆಬ್ರವರಿ, ಮಂಗಳವಾರ

ಹುಚ್ಚಕ್ಕ ಮನೆಗೆ ಬಂದರು. ಅವ್ವ ಹೇಳಿ ಕಳಿಸಿದ್ದಂತೆ. ಬಾಗಿಲಲ್ಲೇ ಕೂತರು.

“ತಿಮ್ಮಯ್ಯ, ನೀನು ನಿಮ್ಮವ್ವಂಗೆ ತುದಿಚೂರು ಕೊಟ್ಯಂತೆ.”

“ಏನು ಕೊಟ್ಟೆ?”

“ತುದಿಚೂರು. ಶಂಭುಲಿಂಗಯ್ಯನ ಅಪ್ಪ ಇದ್ರಲ್ಲ, ರೇವಣಸಿದ್ದಯ್ಯ, ದೊಡ್ಡ ಯಜಮಾನ್ರು. ಸತ್ತು ನಾಕು ವರ್ಷ ಆಯ್ತು. ದಿನಾ ಒಂದು ಉಂಡೆ ಕುಯ್ದು ರುಚಿ ನೋಡೋರು. ಮನಸ್ಸು ಬಂದ್ರೆ ನಮಗೂ ಒಂದ್ ಚೂರು. ಕೈಲಿ ಕೊಡಕ್ಕಾಗ್ತದಾ? ಚಾಕು ತುದೀಗೆ ಚುಚ್ಚಿ ಹಿಡಿಯೋರು. ನಾವು ಸೆರಗು ಒಡ್ಬೇಕು. ಹ್ಞುಂ ಅಂತ ಗಂಟಲು ಸರಿ ಮಾಡಿ ಒದರೋರು. ನೆಲಕ್ಕೆ ಬಿದ್ರೆ ನಮ್ ಹಣೇಬರ. ನಾವು ಬೆಳಿಗ್ಗೆ ಹೋಗ್ತಾ ತಮಾಸೆ ಮಾಡ್ಕೊಳ್ಳೋವು, ಇವತ್ತು ಯಾರ್ಗಮ್ಮಾ ತುದಿಚೂರು ಅಂತ.”

“ನನ್ನ ಕೈಗೆ ಎಣ್ಣೆಯಾಗಿತ್ತು. ಅದಕ್ಕೆ ತುದಿಯಿಂದ ಕೊಟ್ಟೆ.”

“ಎಣ್ಣೆ ಕೈ ಮಕ್ಳು ಅವ್ವಂಗೆ ಉಣ್ಸಲ್ವಾ?” ಎಂದರು. ಆಮೇಲೆ ದನಿ ತಗ್ಗಿಸಿ, “ಆ ಚಾಕು ಯಾರ್ದು ಅಂತ ವಿಚಾರ್ಸ್ದಾ?”

ನನಗೆ ರೇಗಿತು. ತುಮಕೂರಿನ ಕಾರ್ಮಿಕ ಸಂಘಗಳ ಶಿಬಿರದಲ್ಲಿ ನಾಲ್ಕು ದಿನ ಕೂತು ಕಲಿತವನು ನಾನು. ದೆವ್ವ, ಭೂತ, ದೃಷ್ಟಿ ಎಲ್ಲವೂ ಗಾದಿಯ ಮೇಲೆ ಕೂತವರು ನೆಲದ ಮೇಲೆ ಕೂತವರಿಗೆ ಹೇಳುವ ಕಥೆ. ಕಬ್ಬಿಣಕ್ಕೆ ಜಾತಿ ಇಲ್ಲ, ನೆನಪೂ ಇಲ್ಲ. ಇಷ್ಟನ್ನೂ ಹೇಳಿದೆ. ಹುಚ್ಚಕ್ಕ ಪೂರ್ತಿ ಕೇಳಿಸಿಕೊಂಡಳು. “ಸರಿ ಬುಡಪ್ಪ,” ಎಂದು ಎದ್ದಳು. ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟಿದಳು. ನನಗೆ ಬೆನ್ನು ತೋರಿಸಲಿಲ್ಲ.

೨೫ ಫೆಬ್ರವರಿ, ಭಾನುವಾರ

ಹ್ಞುಂ. ಸಂಘದ ಸಭೆ ಚೆನ್ನಾಗಿ ಆಯಿತು. ನಾನು ಬರುವುದು ಕಂಡ ಕೂಡಲೇ ಎಲ್ಲ ಹೆಂಗಸರೂ ಎದ್ದು ನಿಂತರು. ಹಾದಿ ಬಿಟ್ಟು ಆಚೆ ಈಚೆ ಸರಿದರು. ಮೊದಲು ಇವರಲ್ಲಿ ಈ ಶಿಸ್ತು ಇರಲಿಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡುವುದು, ನಗುವುದು, ಎಲೆಅಡಿಕೆ. ಇವತ್ತು ಒಬ್ಬಳೂ ತುಟಿ ಬಿಚ್ಚಲಿಲ್ಲ. ಹೇಳಿದ್ದನ್ನು ಕೇಳಿಸಿಕೊಂಡರು.

ಸಿದ್ದಮ್ಮ ಮಾತ್ರ, ಏಳನೆಯ ಕ್ಲಾಸು ಓದಿದ ಕೊಬ್ಬು ಇದೆ ಅವಳಿಗೆ, “ಅಣ್ಣಾ, ನೀವು ಯಾವಾಗ್ಲೂ ನಮ್ ಜೊತೆ ಚಾಪೆ ಮ್ಯಾಲೆ ಕೂರ್ತಿದ್ರಿ. ಇವತ್ತು ಕುರ್ಚಿ ಯಾಕೆ ತರಿಸಿದ್ರಿ?” ಎಂದಳು.

ಬರೆಯುವ ಕೆಲಸಕ್ಕೆ ಕುರ್ಚಿ ಬೇಕು. ಅಷ್ಟೂ ತಿಳಿಯದೆ?

೧ ಮಾರ್ಚ್, ಗುರುವಾರ

ಹ್ಞುಂ. ಬೆಳಿಗ್ಗೆ ಸಾಣೆ ಹಿಡಿದೆ. ಮಧ್ಯಾಹ್ನ ಹಿಡಿದೆ. ಬಾಯಿ ಇದ್ದೇ ಇದೆ, ಆದರೂ ಕೈ ಕೇಳುತ್ತದೆ.

ಹಿಡಿಯ ಗುಳಿ ನನ್ನ ಹೆಬ್ಬೆರಳಿಗೆ ಸರಿಹೋಗಿದೆ. ಎಣ್ಣೆ ಕುಡಿದು ಕೊಂಬು ಉಬ್ಬಿರಬೇಕು.

೫ ಮಾರ್ಚ್, ಸೋಮವಾರ

ಗೆದ್ದೆ.

ಹನ್ನೊಂದು ಗಂಟೆಗೆ ಮಂಡಿಗೆ ಹೋದೆವು. ಹುಚ್ಚಕ್ಕ ತಾನೂ ಒಳಗೆ ಬರುತ್ತೇನೆಂದು ಹಟ ಹಿಡಿದಳು. ಬೇಡವೆಂದೆ. ಒಳಗಿನ ಮಾತು ಒಳಗೆ ಆಗಬೇಕು. ಆಳುಗಳನ್ನು ಗೇಟಿನ ಹತ್ತಿರ ಕೂರಿಸಿ ಒಬ್ಬನೇ ಹೋದೆ.

ಶಂಭುಲಿಂಗಯ್ಯನವರು ಗಾದಿಯ ಮೇಲೆ ದಿಂಬಿಗೆ ಒರಗಿದ್ದರು. ಗುಮಾಸ್ತ ಶ್ರೀರಂಗಯ್ಯ ಪಕ್ಕದಲ್ಲಿ.

“ಏನ್ಲಾ ಸಣ್ಣತಿಮ್ಮ, ತಂದ್ಯೇನ್ಲಾ ಸಾಕ್ಷಿ?”

ನಾನು ಗಂಟಲು ಸರಿ ಮಾಡಿಕೊಂಡೆ. ಶಂಭುಲಿಂಗಯ್ಯನವರ ಬೆನ್ನು ದಿಂಬಿನಿಂದ ಮೇಲಕ್ಕೆದ್ದಿತು. ಶ್ರೀರಂಗಯ್ಯ ಬರೆಯುವುದು ನಿಲ್ಲಿಸಿದ.

ಚೀಲದಿಂದ ಉಂಡೆ ತೆಗೆದೆ. ಚಾಕು ತೆರೆದೆ. ಟಕ್. ಒಂದೇ ಎಳೆತಕ್ಕೆ ಎರಡು ಹೋಳು, ಇನ್ನೊಂದು ಎಳೆತಕ್ಕೆ ತೆಳು ಚೂರು. ಬೆಳಕಿಗೆ ಹಿಡಿದೆ. ಹಸಿ, ಬೂಷ್ಟಿನ ಗೆರೆ, ಎಲ್ಲ ಕಂಡಿತು. ಏಟಿನ ಗುರುತಿಲ್ಲ.

“ಎಂಟು ತಿಂಗ್ಳ ಕಾಯಿ. ಅಟ್ಟದಿಂದ ಇಳಿಸು ಅಂದೋರು ಯಾರು ಶಂಭು?”

ಶಂಭು ಎಂದದ್ದು ನಾನೇ. ಐವತ್ತು ವರ್ಷದ ಮನುಷ್ಯ. ಬೈಯುತ್ತಾರೆಂದುಕೊಂಡೆ. ಅವರು ಗಾದಿಯಿಂದ ಇಳಿದು ನಿಂತರು. ಮುಖ ಬೂದಿಯಾಗಿತ್ತು.

“ತಪ್ಪಾಯ್ತು,” ಎಂದರು. “ರೇಟು ಬಂದಿತ್ತು.”

ಚೂರನ್ನು ತುದಿಗೆ ಚುಚ್ಚಿ ಚಾಚಿದೆ, ರುಚಿ ನೋಡಿದರೆ ಹಸಿ ಇನ್ನೂ ಚೆನ್ನಾಗಿ ತಿಳಿಯುತ್ತದೆಂದು. ನಮ್ಮ ಕಾಲೋನಿಯ ಕೈಯಿಂದ ಹುಟ್ಟಿದಾಗಿನಿಂದ ಒಂದು ಹುಲ್ಲುಕಡ್ಡಿ ತೆಗೆದುಕೊಂಡವರಲ್ಲ, ಎರಡೂ ಅಂಗೈ ಜೋಡಿಸಿ ಒಡ್ಡಿದರು. ಒದರಿದೆ. ತಿಂದರು. ತಿನ್ನುತ್ತ ಅಳುತ್ತಿದ್ದರು ಅನ್ನಿಸಿತು.

ಆಮೇಲೆ ಓಡಿಹೋಗಿ ಕಬ್ಬಿಣದ ಪೆಟ್ಟಿಗೆ ತೆಗೆದು ಒಂದು ಬಟ್ಟೆಯ ಗಂಟು ತಂದರು. ಬಿಚ್ಚಿದರು. ಒಳಗೊಂದು ಚಾಕು. ಮರದ ಹಿಡಿ, ಮುರಿದ ಮೊನೆ.

“ಅಪ್ಪಾಜಿ ಚಾಕು ಇಲ್ಲೇ ಐತೆ. ಅವ್ರು ಹೋದ ದಿನ ನಾನೇ ಕಟ್ಟಿಟ್ಟೆ. ನಿನ್ ಕೈಲಿರೋದು ಅದಲ್ಲ. ಹಂಗಾದ್ರೆ ನೀನು... ನೀವು... ನೀವೇ ಬರೀರಿ. ಏನ್ ಬೇಕಾದ್ರೂ ಬರೀರಿ. ನಾನು ಸೈನು ಹಾಕ್ತೀನಿ.”

ಅಲ್ಲಿಗೆ ಹುಚ್ಚಕ್ಕನ ಬಾಯಿಗೆ ಬೀಗ. ಆ ಚಾಕು ಬೇರೆ, ಈ ಚಾಕು ಬೇರೆ. ಇದು ಅವರ ಅಪ್ಪನನ್ನು ಕಂಡೇ ಇಲ್ಲ. ದೆವ್ವವೂ ಇಲ್ಲ, ಮಣ್ಣೂ ಇಲ್ಲ. ನಾನು ಹೇಳಿರಲಿಲ್ಲವೇ?

ಗಾದಿಯ ಮೇಲೆ ಜಾಗ ಬಿಟ್ಟರು. ಕೂತು ಕರಾರು ಬರೆದೆ. ಇಷ್ಟು ಸಲೀಸಾಗಿ ನನ್ನ ಪೆನ್ನು ಯಾವತ್ತೂ ಓಡಿಲ್ಲ. ಒಂದು ಕಡೆಯೂ ನಿಲ್ಲಲಿಲ್ಲ, ಹೊಡೆದುಹಾಕಲಿಲ್ಲ. ಅವರು ಓದದೆ ಸೈನು ಹಾಕಿದರು.

೬ ಮಾರ್ಚ್, ಮಂಗಳವಾರ

ಹುಚ್ಚಕ್ಕನ ಜಗಲಿಯಲ್ಲಿ ಕರಾರು ಓದಿಸಿದೆ. ಸಿದ್ದಮ್ಮ ಗಟ್ಟಿಯಾಗಿ ಓದಿದಳು.

“‘ಹುಚ್ಚಿ, ಸಿದ್ದಿ, ಬೋರಿ ಎಂಬ ಮೂರು ಹೆಣ್ಣಾಳುಗಳ ತಪ್ಪನ್ನು ಮನ್ನಿಸಿ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳುವುದು. ಆಳುಗಳ ಲೋಟವನ್ನು ಹೊರಗೋಡೆಯ ಗೂಡಿನಲ್ಲಿ ಇಡತಕ್ಕದ್ದು. ನೀರನ್ನು ಮೇಲಿನಿಂದ ಹುಯ್ಯತಕ್ಕದ್ದು...’”

ಅಲ್ಲಿಗೆ ನಿಲ್ಲಿಸಿದಳು. ಕಾಗದವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

“ಇದು ನಿಮ್ ಅಕ್ಷರ ಅಲ್ಲ ಅಣ್ಣಾ.”

“ನಾನೇ ಬರೆದದ್ದು.”

“ನಂಗೆ ಅರ್ಜಿ ಬರ್ಕೊಟ್ಟಿದ್ದೀರಲ್ಲ, ದುಂಡಗಿರ್ತದೆ. ಇದು ಬಲಕ್ಕೆ ಬಾಗೈತೆ. ಮಂಡಿ ಹಳೇ ಪುಸ್ತಕದಲ್ಲಿ ಇರೋ ಹಂಗೆ.”

ಹುಚ್ಚಕ್ಕ ಕೇಳಿದಳು: “ಇದನ್ನ ಅವ್ರು ಹೇಳಿ ಬರ್ಸಿದ್ರಾ?”

“ಒಂದು ಅಕ್ಷರ ಹೇಳಲಿಲ್ಲ. ಪೂರ್ತಿ ನಾನೇ ಬರೆದೆ.”

“ಅದೇ ಕಣಪ್ಪಾ ಭಯ.”

ಹಾಜರಿ ಪುಸ್ತಕದಲ್ಲಿ ಇರುವ ಹೆಸರನ್ನೇ ಕರಾರಿನಲ್ಲಿ ಬರೆಯಬೇಕು, ಕಾನೂನಿಗೆ ಅದೇ ಒಪ್ಪಿಗೆ ಎಂದು ವಿವರಿಸಿದೆ. ಮೂರು ಜನಕ್ಕೆ ಕೆಲಸ ಸಿಕ್ಕಿತು, ಲೋಟ ಸಿಕ್ಕಿತು, ಇನ್ನೇನು ಬೇಕು ಇವರಿಗೆ? ಇಷ್ಟು ಮಾಡಿದರೂ ನಿಷ್ಠೆ ಇಲ್ಲದ ಜಾತಿ.

“ತಪ್ಪು ಮನ್ನಿಸಿ ಅಂತ ಬರ್ದಿದ್ದೀಯ,” ಎಂದಳು ಹುಚ್ಚಿ. “ಯಾರ್ ತಪ್ಪೋ? ಕುಯ್ದು ತೋರ್ಸಿದೋನು ನೀನೇ ಅಲ್ವೇನೋ? ಇದಕ್ಕೆ ನಾವು ಹೆಬ್ಬೆಟ್ಟು ಒತ್ತಲ್ಲ. ಮಣ್ಣು ತಿಂತೀವಿ, ಒತ್ತಲ್ಲ.”

ಅವ್ವ ಅಲ್ಲಿಯವರೆಗೂ ಕಂಬಕ್ಕೆ ಒರಗಿ ಕೂತಿದ್ದಳು. ಎದ್ದು ನನ್ನ ಎದುರಿಗೆ ಬಂದಳು.

“ಮಗಾ, ನನ್ ಹೆಸ್ರು ಹೇಳು.”

“ಇದೇನವ್ವ?”

“ಅವ್ವ ಅನ್ಬ್ಯಾಡ. ಹೆಸ್ರು ಹೇಳು.”

ಹತ್ತೊಂಬತ್ತು ಜನರ ಮುಂದೆ ಈ ನಾಟಕ. ನಾನು ಗಂಟಲು ಸರಿ ಮಾಡಿಕೊಂಡೆ. ಮುಂದಿನ ಸಾಲಿನಲ್ಲಿದ್ದ ಐದಾರು ಜನ ಹೆಂಗಸರು, ಯಾರೂ ಹೇಳದೆಯೇ, ಸೆರಗು ಒಡ್ಡಿದರು. ಆಮೇಲೆ ತಾವೇ ಗಾಬರಿಯಾಗಿ ಎಳೆದುಕೊಂಡರು. ಒಬ್ಬಳು ಅಳತೊಡಗಿದಳು.

ಕಾಗದ ಕಿತ್ತುಕೊಂಡು ಬಂದೆ.

೮ ಮಾರ್ಚ್, ಗುರುವಾರ

ಹ್ಞುಂ. ಅವ್ವ ಎರಡು ದಿನದಿಂದ ಹುಚ್ಚಿಯ ಮನೆಯಲ್ಲಿ. ಮುದ್ದೆ ಮಾಡುವವರಿಲ್ಲ. ಕೊಬ್ಬರಿ ಕೊಯ್ದು ತಿಂದೆ.

ಆಳುಗಳು ಕೆಲಸಕ್ಕೆ ಹೋಗಿಲ್ಲ. ಮಂಡಿಯಲ್ಲಿ ಕಾಯಿ ರಾಶಿ ಬಿದ್ದಿದೆಯಂತೆ. ಶ್ರೀರಂಗಯ್ಯ ಬಂದಿದ್ದ, ಕಾಲೋನಿಯ ಒಳಗೇ, ಚಪ್ಪಲಿ ಕೈಯಲ್ಲಿ ಹಿಡಿದು.

“ಯಜಮಾನ್ರು ಕೇಳ್ತಾವ್ರೆ. ಅಟ್ಟದ ಕಾಯಿ ಯಾವಾಗ ಇಳಿಸ್ಬೇಕು ಅಂತ ತಾವೇ ಬಂದು ನೋಡಿ ಹೇಳ್ಬೇಕಂತೆ. ದಿನಾ. ಗಾದಿ ಪಕ್ಕದಲ್ಲೇ ಜಾಗ ಮಾಡ್ಸವ್ರೆ.” ಸ್ವಲ್ಪ ತಡೆದು, “ರಾತ್ರಿಯೆಲ್ಲ ಅಟ್ಟದ ಕಾಯಿ ಲೊಟಲೊಟ ಅಂತಾವಂತೆ. ಯಾರೂ ಮುಟ್ಟದೆ. ಅವ್ರಿಗೆ ನಿದ್ದೆ ಇಲ್ಲ.”

ಯೋಚಿಸಿ ಹೇಳುತ್ತೇನೆಂದೆ. ತಪ್ಪೇನಿದೆ? ಒಳಗೆ ಒಬ್ಬ ನಮ್ಮವನು ಇದ್ದರೆ ಆಳುಗಳಿಗೂ ಒಳ್ಳೆಯದೇ.

೧೦ ಮಾರ್ಚ್, ಶನಿವಾರ

ಸಿದ್ದಮ್ಮ ಚೀಟಿ ತಂದಳು. ಹೊಸ್ತಿಲ ಮೇಲೆ ಇಟ್ಟು, ಅದರ ಮೇಲೆ ಒಂದು ಕಲ್ಲಿಟ್ಟು ಹೋದಳು. ಅವಳದೇ ಅಕ್ಷರ. ಇಲ್ಲಿ ನಕಲು ಮಾಡುತ್ತೇನೆ.

‘ಶ್ರೀ ಸಣ್ಣತಿಮ್ಮಯ್ಯನವರಿಗೆ. ನಾಳೆ ಬೆಳಿಗ್ಗೆ ಎಂಟಕ್ಕೆ ಹುಚ್ಚಕ್ಕನ ಜಗಲಿಯಲ್ಲಿ ಸಂಘದ ಸಭೆ ಕರೆದಿದ್ದೇವೆ. ತಾವು ದಯವಿಟ್ಟು ಬರಬೇಕು. ನಮ್ಮ ಹತ್ತೊಂಬತ್ತು ಜನರ ಹೆಸರನ್ನು ತಮ್ಮ ಕೈಯಿಂದಲೇ ಪೂರ್ತಿಯಾಗಿ ಬರೆದು ತರಬೇಕು. ತಂದರೆ ತಾವೇ ನಮ್ಮ ಕಾರ್ಯದರ್ಶಿ, ಸೋಮವಾರ ಎಲ್ಲರೂ ಒಟ್ಟಿಗೆ ಮಂಡಿಗೆ ಹೋಗಿ ಹೊಸ ಕರಾರು ಬರೆಸೋಣ. ತರಲಾಗದಿದ್ದರೆ ನಾವೇ ಹೋಗುತ್ತೇವೆ. ತಾವು ಬೇಡ.’

ಶ್ರೀ. ಯ್ಯ. ನವರಿಗೆ. ತಾವು. ಈ ತಾಲ್ಲೂಕಿನಲ್ಲಿ ನನ್ನ ಹೆಸರನ್ನು ಯಾರಾದರೂ ಹೀಗೆ ಬರೆದದ್ದು ಇದೇ ಮೊದಲು. ಎಷ್ಟೋ ಹೊತ್ತು ಚೀಟಿ ನೋಡುತ್ತ ಕೂತೆ. ಹುಚ್ಚಕ್ಕ ಮಂಡಿಯಲ್ಲಿ ಎದ್ದು ನಿಂತು ‘ಏಟು ನಮ್ಮದಲ್ಲ’ ಎಂದದ್ದು ನೆನಪಿಗೆ ಬಂತು. ಅವತ್ತು ನಾನು ಅವರ ಪಕ್ಕದಲ್ಲಿ, ನೆಲದ ಮೇಲೆ ಕೂತಿದ್ದೆ. ಬರೆಯುತ್ತೇನೆ ಎಂದುಕೊಂಡೆ. ಇದೇನು ದೊಡ್ಡ ಕೆಲಸ?

ಮಧ್ಯಾಹ್ನ ಹನ್ನೆರಡಕ್ಕೆ ಕೂತವನು. ‘ಹು’ ಎಂದು ಬರೆದ ಮೇಲೆ ಕೈ ತಾನೇ ‘ಚ್ಚಿ’ಯ ಕಡೆ ತಿರುಗುತ್ತದೆ. ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ತಿರುಗಿತು. ಎಡಗೈಯಿಂದ ಬಲ ಮಣಿಕಟ್ಟು ಹಿಡಿದು ‘ಚ್ಚಕ್ಕ’ ಬರೆಸಿದೆ. ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಸಿದ್ದಮ್ಮನಿಗೆ ಅರ್ಧ ಗಂಟೆ. ಹೊಂಬಾಳಮ್ಮನಿಗೆ ಇನ್ನೂ ಹೆಚ್ಚು. ಒಂದೊಂದು ‘ಅಮ್ಮ’ನನ್ನೂ ಬಾವಿಯಿಂದ ಕೊಡ ಸೇದಿದ ಹಾಗೆ ಮೇಲಕ್ಕೆ ಎಳೆಯಬೇಕಾಯಿತು. ಗಂಟಲಲ್ಲಿ ಏನೋ ಬರುತ್ತಿತ್ತು, ನುಂಗಿಕೊಂಡೆ. ಒಂದು ಸಲವೂ ಸದ್ದು ಮಾಡಲು ಬಿಡಲಿಲ್ಲ. ಐದು ಗಂಟೆಯ ಹೊತ್ತಿಗೆ ಹದಿನೆಂಟು ಮುಗಿಯಿತು. ಅಕ್ಷರ ದುಂಡಗೆ ಬಂದಿದೆ, ನನ್ನದೇ ಅಕ್ಷರ. ಕಣ್ಣು ಒದ್ದೆಯಾಯಿತು.

ಕೊನೆಯದು ಉಳಿದಿತ್ತು. ಅದು ಕಷ್ಟವಾಗಲಿಲ್ಲ. ಹೆತ್ತವಳ ಹೆಸರು ಬರೆಯಲು ಯಾವ ಮಗ ತಡವರಿಸುತ್ತಾನೆ? ಪೆನ್ನು ನಿಲ್ಲದೆ ಹೋಯಿತು.

...ಹದಿನಾರು, ಹೊಂಬಾಳಮ್ಮ. ಹದಿನೇಳು, ಸಿದ್ದಗಂಗಮ್ಮ. ಹದಿನೆಂಟು, ಸಣ್ಣಮ್ಮ. ಹತ್ತೊಂಬತ್ತು, ಬೋರಿ.

ಎರಡು ಸಲ ಓದಿ ನೋಡಿದೆ. ಒಂದೂ ತಪ್ಪಿಲ್ಲ.

ಸಭೆ ನಾಳೆ, ಭಾನುವಾರ, ಮಾರ್ಚ್ ಹನ್ನೊಂದು, ಬೆಳಿಗ್ಗೆ ಎಂಟು ಗಂಟೆಗೆ, ಹುಚ್ಚಕ್ಕನವರ ಜಗಲಿಯಲ್ಲಿ.